ಗಿರಿಜಕ್ಕನ ಹೆಬ್ಬೆಟ್ಟು

ಗಿರಿಜಕ್ಕ, ಹೊಳೆದಂಡೆಯ ಪಾರ್ಕಿಗೆ ಬೆಂಚು ಬೇಕೆಂದು ನೀನು ಕೇಳಲೇ ಇಲ್ಲ. ಕೇಳಿದೆಯೆಂದು ಬರೆದವನು ನಾನು. ಆ ಸುಳ್ಳಿನ ಕೆಳಗೆ ನಿನ್ನ ಹೆಬ್ಬೆಟ್ಟು ಒತ್ತಿಸಿಕೊಂಡವನೂ ನಾನೇ.

ನಾಲ್ಕು ವರ್ಷವಾಯಿತು. ಹೊನ್ನಾವರದ ದಂಡೆಯಲ್ಲಿ ಪಾರ್ಕು ಮಾಡುತ್ತೇವೆ, ಜನರ ಅಭಿಪ್ರಾಯ ಬೇಕು ಎಂದು ಹೊರಗಿನ ಕಂಪನಿಯವರು ಶಾಮಿಯಾನ ಹಾಕಿ ಸಭೆ ಕರೆದಿದ್ದರು. ಅಭಿಪ್ರಾಯವಂತೆ! ಬಣ್ಣದ ನಕಾಶೆ ಆಗಲೇ ಗೋಡೆಯಷ್ಟು ದೊಡ್ಡದಾಗಿ ತೂಗುತ್ತಿತ್ತು. ಅದರಲ್ಲಿ ದೀಪದ ಕಂಬವಿತ್ತು, ನಾಯಿ ಹಿಡಿದು ನಡೆಯುವವರಿದ್ದರು. ದಂಡೆಯ ಮರಳಿನ ಮೇಲೆ ಮೀನು ಒಣಗಿಸುವ ನೀವೊಬ್ಬರೂ ಇರಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಅವರನ್ನು ಬೈದು ನಾನು ತಪ್ಪಿಸಿಕೊಳ್ಳುವುದೆಲ್ಲಿಗೆ —

ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. ಬರೆಯಲು ಬಾರದವರು ನನ್ನ ಬಳಿ ಬಂದರು; ಊರಿನ ಅರ್ಜಿಗಳನ್ನೆಲ್ಲ ಬರೆಯುವವನು ನಾನಲ್ಲವೇ. ನೀನು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದೆ:

"ಬರಿ ತಮ್ಮಾ. ನಮ್ಗೆ ಬೆಂಚೂ ಬ್ಯಾಡ, ಎಂತದೂ ಬ್ಯಾಡ. ಮೀನು ಒಣಗ್ಸೂ ಹೊಯ್ಗೆ ಒಂದು ಬಿಟ್ರೆ ಆತು. ಅವ್ರು ಗಾಳಿ ತಕಳೂಕೆ ಬರ್ತ್ರು. ನಾವು ಅನ್ನ ಉಣ್ಣೂದು ಬ್ಯಾಡ್ವಾ?"

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. ನಕ್ಕು, ಬರೆದೆ — 'ಹೊಳೆ ನೋಡುತ್ತ ಕೂರಲು ಮಹಿಳೆಯರಿಗೆ ಬೆಂಚು ಬೇಕು. ಮೀನು ಒಣಗಿಸಲು ಬೇರೆ ಕಡೆ ಹೋಗಲು ನಮ್ಮ ಒಪ್ಪಿಗೆ ಇದೆ.'

"ಓದಿ ಹೇಳು ನೋಡ್ವ" ಎಂದೆ ನೀನು. ಬರೆದದ್ದನ್ನು ನಾನು ಓದಲಿಲ್ಲ. ಚೀಟಿಯ ಮೇಲೆ ಕಣ್ಣಿಟ್ಟು, ನೀನು ಹೇಳಿದ್ದನ್ನೇ ತಿರುಗಿ ಹೇಳಿದೆ. ನೀನು ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದೆ.

ಯಾಕೆ? ನಕಾಶೆಯಲ್ಲಿ ನಿನ್ನ ಹೊಯ್ಗೆಯ ಜಾಗದಲ್ಲೇ ಒಂದು ದುಂಡು ಕಟ್ಟೆಯಿತ್ತು, ಕಥೆ ಹೇಳುವವರಿಗೆ. ನಾನು ಊರಲ್ಲಿ ಕಥೆ ಹೇಳುವವನೆಂದು ತಿಳಿದು ಕಂಪನಿಯವರು, "ಮೊದಲು ಕೂರುವವರು ನೀವೇ ಸರ್" ಎಂದಿದ್ದರು. ಅಷ್ಟೇ ಸಾಕಾಯಿತು ನನಗೆ. ಕೂತೆ. ಕಥೆ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಥೂ! ಆ ಕಥೆಗಳನ್ನು ನಾನು ಕಲಿತದ್ದೆಲ್ಲಿ? ಅದೇ ಹೊಯ್ಗೆಯ ಮೇಲೆ, ಮೀನು ಮಗುಚುತ್ತ ಕೂತ ನಿನ್ನ ಆಯಿಯ ಬಾಯಿಂದ.

ಈಗ ನೀನು ಹೆದ್ದಾರಿಯ ಬದಿಯಲ್ಲಿ, ಲಾರಿಗಳ ಧೂಳಿನಲ್ಲಿ ಮೀನು ಹರಡುತ್ತೀಯ. ಬಾಯಿಗಿಟ್ಟರೆ ಮಣ್ಣು ಎಂದು ಗಿರಾಕಿಗಳು ತಿರುಗಿ ಹೋಗುತ್ತಾರೆ. ಮೊನ್ನೆ ತಡೆಯಲಾರದೆ ಬುಟ್ಟಿ ಹೊತ್ತು ಪಾರ್ಕಿಗೇ ಹೋದೆಯಂತೆ. ಕಾವಲಿನವನು ಗೇಟಿನಲ್ಲೇ ನಿಲ್ಲಿಸಿ, ಅಲ್ಲಿದ್ದ ಬೋರ್ಡು ತೋರಿಸಿ, "ಹೆಬ್ಬೆಟ್ಟು ಒತ್ತಿ ಬೆಂಚು ಕೇಳ್ದವ್ರು ನೀವೇ ಅಲ್ವಾ? ಬೋರ್ಡಲ್ಲೇ ಬರ್ದಿದ್ರು ನೋಡಿ" ಅಂದನಂತೆ. ಅಲ್ಲಿಂದ ನೇರ ನನ್ನ ಮನೆಗೆ ಬಂದೆ ನೀನು.

"ನಮ್ಮ ಚೀಟಿ ಬದ್ಲ್ ಮಾಡ್ದವನ ಕೈ ಸೇದಿ ಹೋಗ್ಲಿ! ನೀನೇ ಒಂದು ಅರ್ಜಿ ಬರಿ ತಮ್ಮಾ. ನಿನ್ ಬಿಟ್ರೆ ಯಾರಿದ್ರು ನಮ್ಗೆ?"

ಆ ಕೈಯಲ್ಲಿ ಆಗ ನೀನು ತಂದುಕೊಟ್ಟ ಹಾಳೆಯಿತ್ತು.

ಅರ್ಜಿ ಬರೆದಿದ್ದೇನೆ. ಹಳೆಯ ಚೀಟಿ ನನ್ನ ಸುಳ್ಳು ಎಂದು ಅದರಲ್ಲೇ ಬರೆದು ಸಹಿ ಹಾಕಿದ್ದೇನೆ. ಅದರ ಜೊತೆಗೆ ಈ ಕಾಗದ. ಎರಡನ್ನೂ ನಾನು ನಿನಗೆ ಓದಿ ಹೇಳುವುದಿಲ್ಲ. ಏಳನೇ ತರಗತಿಯ ನಿನ್ನ ಮೊಮ್ಮಗಳು ಓದಲಿ, ಒಂದಕ್ಷರ ಬಿಡದೆ. ಹೆಬ್ಬೆಟ್ಟು ಆಮೇಲೆ, ನಿನಗೆ ಮನಸ್ಸಿದ್ದರೆ. ಅವಳು ಓದಿ ಮುಗಿಸುವವರೆಗೆ ನಾನು ನಿನ್ನ ಅಂಗಳದಲ್ಲಿ ನಿಂತಿರುತ್ತೇನೆ.