ದೋಸೆಹಿಟ್ಟು ಮತ್ತು ವನಜಾ ಟೀಚರರ ಭಾನುವಾರ

ಡಬ್ಬಿಯ ಮುಚ್ಚಳ ಫಟ್ ಎಂದು ಹಾರಿತು. ಒಳಗಿದ್ದ ದೋಸೆಹಿಟ್ಟು ಹೋಟೆಲ್ ಮಾಲೀಕ ಮುದ್ದಣ್ಣ ಶೆಟ್ಟರ ಬಿಳಿ ಅಂಗಿಗೂ ವನಜಾ ಟೀಚರರ ಇಳಕಲ್ ಸೀರೆಗೂ ಪಕ್ಷಪಾತವಿಲ್ಲದೆ ಹಂಚಿಹೋಯಿತು.

ತಪ್ಪು ಟೀಚರರದೇ. ಧಾರವಾಡದ ಕಡೆಯವರು, ರೊಟ್ಟಿ ಬಡಿದ ಕೈ. ಅವರಿಗೆ ಹಿಟ್ಟೆಂದರೆ ಇಟ್ಟಲ್ಲಿ ಬಿದ್ದಿರುವ ಜೋಳದ ಹಿಟ್ಟು. ಪಾಠಕ್ಕೆಂದು ಹಿಂದಿನ ಸಂಜೆಯೇ ಹೋಟೆಲಿನಿಂದ ಮನೆಗೆ ಒಯ್ದಿದ್ದ ಉಡುಪಿ ಹಿಟ್ಟನ್ನು, ಸೋರೀತೆಂದು ಮುಚ್ಚಳ ಬಿಗಿದು ಇಟ್ಟಿದ್ದರು. ಮಹಾರಾಷ್ಟ್ರದ ಸಂಭಾಜಿನಗರದ ಮೇ ತಿಂಗಳ ಸೆಕೆಯಲ್ಲಿ ಅದು ರಾತ್ರಿಯಿಡೀ ಉಬ್ಬಿತ್ತು.

“ನೋಡ್ರಿ, ಇದು ಅನಿಲದ ಶಕ್ತಿ,” ಎಂದರು ಟೀಚರ್, ಸೆರಗು ಒರೆಸಿಕೊಳ್ಳುತ್ತ.

“ನನ್ನ ಅಂಗಿ ಮೇಲೆ ಉಂಟಲ್ಲ, ಇದು ಎಂತ ಮಾರಾಯ್ರೆ?”

“ಸದ್ಯಕ್ಕ ದ್ರವ. ಒಣಗಿದ ಮ್ಯಾಲೆ ಘನ.”

ಹೋಟೆಲಿನ ಮಹಡಿಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಊರಿನ ಕನ್ನಡಿಗರ ಮಕ್ಕಳಿಗೆ ಟೀಚರರ ಕನ್ನಡ ತರಗತಿ. ಅಕ್ಷರಮಾಲೆಗೆ ಮಕ್ಕಳು ಆಕಳಿಸತೊಡಗಿದಾಗ, ಶಾಲೆಯಲ್ಲಿ ಕಲಿಯುವ ವಿಜ್ಞಾನವನ್ನೇ ಕನ್ನಡದಲ್ಲಿ ಹೇಳಿಕೊಡೋಣವೆಂದು ಟೀಚರ್ ಹೊಸ ದಾರಿ ಹಿಡಿದಿದ್ದರು. ಈ ದಿನ ಅಪ್ಪ ಅಮ್ಮಂದಿರ ಮುಂದೆ ಮಕ್ಕಳು ಕನ್ನಡದಲ್ಲಿ ಬಾಯಿಬಿಟ್ಟರೆ ತರಗತಿ ಉಳಿಯುತ್ತದೆ. ಇಲ್ಲವಾದರೆ ಮಹಡಿ ಹುಟ್ಟುಹಬ್ಬದ ಪಾರ್ಟಿಗಳ ಪಾಲು ಎಂದು ಶೆಟ್ಟರು ಮೊದಲೇ ಹೇಳಿದ್ದರು. ಟೀಚರಿಗೆ ಇದು ಹೊಸದಲ್ಲ. ಗಂಡನ ನೌಕರಿ ನಾಸಿಕದಲ್ಲಿದ್ದಾಗ ಅಲ್ಲಿಯೂ ಇಂಥದೊಂದು ತರಗತಿ ನಡೆಸಿದ್ದರು. ಅದು ಘನವಾಗಿ ಶುರುವಾಗಿ, ದ್ರವದಂತೆ ಸೋರಿ, ಕೊನೆಗೆ ಆವಿಯಾಗಿತ್ತು.

ಪಾಲಕರು ಕುರ್ಚಿ ಹಿಡಿದರು. ಟೀಚರ್ ಬೆಲ್ಲ, ಎಣ್ಣೆ, ಹಬೆಯಾಡುವ ಚಹಾ ಮೇಜಿನ ಮೇಲಿಟ್ಟರು.

“ರೋಷನ್, ಎಣ್ಣೆ ಏನಪಾ?”

“ದ್ರವ!”

ಜೋರು ಚಪ್ಪಾಳೆ. ಮರಾಠಿಯಲ್ಲೂ ಅದು ದ್ರವವೇ ಎಂದು ಗೊತ್ತಿದ್ದ ಟೀಚರ್ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ.

“ಅಕ್ಷಿತಾ, ಚಹಾದ ಮ್ಯಾಲಿನ ಹಬೆ?”

“ವಾಯೂ.”

“ಅದು ಮರಾಠಿ ಆತವ್ವ. ಕನ್ನಡದಾಗ?”

ಅಕ್ಷಿತಾ ಸೂರು ನೋಡಿದಳು, ಅಪ್ಪನನ್ನು ನೋಡಿದಳು. “ಅದೇ... ನಮ್ಮ ಅನಿಲ್ ಕಾಕಾ!”

ಎಲ್ಲರೂ ನಕ್ಕರು. ಮೊದಲ ಸಾಲಿನಲ್ಲಿದ್ದ ಕಾಕಾ ಮಾತ್ರ ತಮ್ಮ ಹೊಟ್ಟೆ ನೋಡಿಕೊಂಡರು.

“ಪ್ರಜ್ಞಾ, ನೀನರೆ ಹೇಳು. ಬೆಲ್ಲ?”

“ಸಮಜ್ತದ ಮಿಸ್. ಬೋಲಾಕ ಬರಂಗಿಲ್ಲ.”

ಉತ್ತರಗಳನ್ನು ಟೀಚರೇ ಹಲಗೆಯ ಮೇಲೆ ಬರೆದು ಪಾಠ ಮುಗಿಸಿದರು. ಪಾಲಕರು ಕೆಳಗಿಳಿದು ಮಸಾಲೆದೋಸೆ ತಿಂದು, ಮಕ್ಕಳ ಕೈಹಿಡಿದು, ಮರಾಠಿಯಲ್ಲಿ ಗದರಿಸುತ್ತ ಹೋದರು.

ಶೆಟ್ಟರು ಅಂಗಿ ಬದಲಿಸಿ ಮೇಲೆ ಬಂದಾಗ ಟೀಚರ್ ಹಲಗೆ ಒರೆಸುತ್ತಿದ್ದರು. ‘ಅನಿಲ’ ಹೋಗಿತ್ತು, ‘ಘನ’ವೂ ಹೋಗಿತ್ತು.

“ಬೇಜಾರು ಮಾಡ್ಬೇಡಿ ಟೀಚರ್. ಮುಂದಿನ ವಾರಕ್ಕೆ ಪಾರ್ಟಿಯವರಿಗೆ ಕೊಟ್ಟಾಯ್ತು.”

“ಇರಲಿ ಬಿಡ್ರಿ.”

ಟೀಚರ್ ಅತ್ತರೆ ಏನು ಮಾಡುವುದೆಂದು ಶೆಟ್ಟರು ಕರವಸ್ತ್ರ ಹಿಡಿದೇ ಬಂದಿದ್ದರು. ಭಾಷೆ, ಸೇವೆ, ತ್ಯಾಗ ಇತ್ಯಾದಿ ನಾಲ್ಕು ಮಾತುಗಳನ್ನೂ ಮೆಟ್ಟಿಲು ಹತ್ತುವಾಗ ಜೋಡಿಸಿಕೊಂಡಿದ್ದರು. “ಇಷ್ಟು ಹಚ್ಚಿಕೊಂಡಿದ್ರಿ. ಇನ್ನು ಭಾನುವಾರ ಬಂದರೆ ಎಂತ ಮಾಡ್ತೀರಿ ನೀವು?”

ಟೀಚರ್ ‘ದ್ರವ’ವನ್ನೂ ಒರೆಸಿದರು.

“ನೀರು ತುಂಬತೇನ್ರಿ. ಇಷ್ಟು ದಿನ ಬಾಜೂ ಮನಿಯವರ ಕಡೆ ಇಸಗೊಂಡು ನಡಸೇನಿ. ನಮ್ಮ ಗಲ್ಲಿಗೆ ನಳ ಬರೂದು ಭಾನುವಾರ ಮುಂಜಾನಿ ಅಷ್ಟ.”