ಹಣೆಮಟ್ಟದ ಗೆರೆ

ಅಥವಾ ಅದು ಮಂಗಸೂಳಿಗೆ ಹೋಗುವಾಗ ಅಲ್ಲ, ಅಲ್ಲಿಂದ ಮರಳಿ ಬರುವಾಗ ಇದ್ದಿರಬೇಕು. ಹೋಗುವಾಗ ಎಂದು ನಾನು ಒಮ್ಮೆ ಬರೆದಿದ್ದೇನೆ, ಬರೆದದ್ದು ಅಚ್ಚಾಗಿದೆ, ಅಚ್ಚಾದದ್ದನ್ನು ಒಬ್ಬರು ಕತ್ತರಿಸಿ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಇಷ್ಟೆಲ್ಲ ಆದಮೇಲೆ ಸಂಶಯಪಡುವುದು ಸಭ್ಯತನವಲ್ಲ ಎಂದು ಗೊತ್ತಿದ್ದರೂ ಪಡುತ್ತಿದ್ದೇನೆ, ಮತ್ತು ಅದಕ್ಕೆ ಕಾರಣ ಒಂದು ಗೋಡೆ. ಸಿಮೆಂಟು ಮೆತ್ತಿದ, ಮೊಳೆಯೊಂದೂ ಇಲ್ಲದ, ನೋಡಿದ ಮರುಕ್ಷಣ ಮರೆತುಹೋಗುವಂಥ ಗೋಡೆ. ನಾವು ಗೋಡೆಯ ಮೇಲೆ ತೂಗಿದ್ದನ್ನು ನೋಡುತ್ತೇವೆ, ಗೋಡೆಯಲ್ಲಿ ತೆರೆದ ಕಿಟಕಿಯನ್ನು ನೋಡುತ್ತೇವೆ, ಗೋಡೆಯನ್ನೇ ನೋಡುವುದು ಅದು ಬಿರುಕು ಬಿಟ್ಟಾಗ ಮಾತ್ರ. ಇದರಲ್ಲಿ ಬಿರುಕೂ ಇರಲಿಲ್ಲ.

ಗೋಡೆ ಇರುವುದು ರಾಯಬಾಗಕ್ಕೂ ಕಾಗವಾಡಕ್ಕೂ ನಡುವೆ, ಕೃಷ್ಣೆಯ ದಂಡೆಯ ಒಂದು ಸಣ್ಣ ಊರಿನಲ್ಲಿ. ಹೆಸರು ಬೇಡ, ಹೇಳಿದರೆ ಆ ಊರಿನವರು ಈ ಬರಹದಲ್ಲಿಯೂ ತಪ್ಪು ಹುಡುಕುತ್ತಾರೆ, ಸಿಕ್ಕೇ ಸಿಗುತ್ತದೆ. ಬಸ್ ನಿಲ್ದಾಣದಲ್ಲಿ ‘ಪ್ರೇಕ್ಷಣೀಯ ಸ್ಥಳಗಳು’ ಎಂಬ ಫಲಕವಿದೆ. ಐದು ಹೆಸರುಗಳಲ್ಲಿ ನಾಲ್ಕನ್ನು ಓದಬಹುದು. ಐದನೆಯದರ ಮೇಲೆ ಹುಟ್ಟುಹಬ್ಬದ ಶುಭಾಶಯಗಳು ವರ್ಷವರ್ಷವೂ ಅಂಟಿ, ಕಿತ್ತು, ಮತ್ತೆ ಅಂಟಿ, ಈಗ ತಗಡು ಮಾತ್ರ ಉಳಿದಿದೆ. ಐದನೆಯದು ಯಾವುದು ಎಂದು ಚಹಾದಂಗಡಿಯಲ್ಲಿ ಕೇಳಿದೆ. ಅಂಗಡಿಯವ ಸೋಸುವ ಬಟ್ಟೆಯನ್ನು ಹಿಂಡುತ್ತಲೇ, “ಮೊದಲ ನಾಕು ನೋಡಿ ಬರ್ರಿ, ಆಮ್ಯಾಲೆ ಐದನೇದ ಬೇಕನಸೂದಿಲ್ಲ” ಎಂದ.

ನೋಡಿದೆ. ಹಳೆಯ ವಾಡೆಯ ಹೆಬ್ಬಾಗಿಲಿಗೆ ಆನೆಗಳು ಹಣೆಕೊಟ್ಟು ನೂಕದಿರಲೆಂದು ಮೊನೆಯುಳ್ಳ ಕಬ್ಬಿಣದ ಮೊಳೆಗಳನ್ನು ಬಡಿದಿದ್ದಾರೆ. ಎದುರಿನ ಓಣಿಯಲ್ಲಿ ಆನೆಯಿರಲಿ, ಎಮ್ಮೆಯೂ ನೆಟ್ಟಗೆ ತಿರುಗಲಾರದು. ಕಬ್ಬು ಹೇರಿದ ಟ್ರ್ಯಾಕ್ಟರುಗಳು ವಾಡೆಯ ಗೋಡೆಯ ಮೂಲೆಯನ್ನು ಆನೆಗಿಂತ ಚೆನ್ನಾಗಿ ಕೆಡವಿವೆ. ಬಸದಿಯಲ್ಲಿ ಅರ್ಧ ಶಾಸನವಿದೆ; ದಾನ ಕೊಟ್ಟವನ ಹೆಸರು ಉಳಿದು, ಏನು ಕೊಟ್ಟ ಎಂಬುದು ಒಡೆದುಹೋಗಿದೆ. ಅದೇ ಓಣಿಯ ದರ್ಗಾದ ಕಟ್ಟೆ ಅದೇ ಬಣ್ಣದ ಕಲ್ಲಿನದು. ಘಾಟಿನ ಮೆಟ್ಟಿಲುಗಳೋ, ಕೆಳಗಿನವು ಯಾವಾಗಲೂ ಹೂಳಿನಲ್ಲಿರುವುದರಿಂದ, ಎಷ್ಟೆಂದು ಯಾರೂ ಎಣಿಸಿ ಮುಗಿಸಿಲ್ಲ. ನನಗೆ ಇಂಥ ಊರುಗಳು ಹಿಡಿಸುತ್ತವೆ. ಇತಿಹಾಸ ಪೂರ್ತಿ ಗೊತ್ತಿದೆ ಎನ್ನುವ ಊರಿನಲ್ಲಿ ನನಗೆ ಉಸಿರು ಕಟ್ಟುತ್ತದೆ.

ಉಳಿಯಲು ನಿಲ್ದಾಣದ ಬಳಿ ಹೊಸ ಲಾಡ್ಜ್ ಇತ್ತು. ಆದರೆ ನಾನು ಹಳೆಯ ಧರ್ಮಶಾಲೆಗೇ ಹೋದೆ, ಮತ್ತು ಹೋದದ್ದು ಭಕ್ತಿಯಿಂದಲ್ಲ, ಅಹಂಕಾರದಿಂದ. ನಾನು ಬರೆದದ್ದು ಆ ಧರ್ಮಶಾಲೆಯ ಬಗ್ಗೆ. ಊರಿನ ಜೈನ ಮನೆತನಗಳು ಕಟ್ಟಿಸಿದ ಛತ್ರ ಅದು. ಯಾರು ಬಂದರೂ ಜಾಗವುಂಟು, ಮೂರು ಕಟ್ಟಳೆಗಳೂ ಉಂಟು. ಹೊತ್ತು ಮುಳುಗುವ ಮೊದಲು ಉಣ್ಣಬೇಕು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಬೇಕು, ಹೋಗುವಾಗ ಮಲಗಿದ ಜಾಗವನ್ನು ತಾನೇ ಗುಡಿಸಬೇಕು.

ನಾನು ಚಿಕ್ಕೋಡಿಯವ. ಚಿಕ್ಕಂದಿನಲ್ಲಿ, ಮಂಗಸೂಳಿಯ ಮಲ್ಲಯ್ಯನಿಗೆ ಹರಕೆ ತೀರಿಸಲು ಅವ್ವ ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೊರಟಾಗ, ಬಸ್ಸು ತಪ್ಪಿ, ಒಂದು ಸಂಜೆ ಆ ಧರ್ಮಶಾಲೆಯಲ್ಲಿ ಉಳಿದಿದ್ದೆವು. ಅಲ್ಲಿನ ಪಡಸಾಲೆಯ ಗೋಡೆಯಲ್ಲಿ ಕಾವಿಯ ಕೆಂಪು ಗೆರೆಯೊಂದಿತ್ತು. ಆ ಊರಲ್ಲಿ ಹೊಳೆ ಏರಿ ಇಳಿದಮೇಲೆ, ಕೆಸರು ತೊಳೆಯುವ ಮೊದಲು, ನೀರು ಬಿಟ್ಟುಹೋದ ಕಲೆಯ ಮೇಲೆಯೇ ಗೆರೆ ಎಳೆಯಬೇಕು. ಗೆರೆ ಎಳೆಯದೆ ಕಸಬರಿಗೆ ಮುಟ್ಟುವಂತಿಲ್ಲ. ದುಃಖವನ್ನು ಅಳೆದು ಆಮೇಲೆ ಗುಡಿಸುವುದು ಎಂದು ನಾನು ಬರೆದಿದ್ದೆ. ಇನ್ನೂ ಒಂದು ವಾಕ್ಯ ಬರೆದಿದ್ದೆ: ಅವ್ವ ಗೋಡೆಗೆ ಒರಗಿ ನಿಂತಾಗ ಆ ಕೆಂಪು ಗೆರೆ ಸರಿಯಾಗಿ ಅವಳ ಕುಂಕುಮದ ಮಟ್ಟಕ್ಕಿತ್ತು, ಹೊಳೆ ಅವಳ ಹಣೆಯವರೆಗೆ ಬಂದು ನಮಸ್ಕರಿಸಿ ಮರಳಿದಂತೆ. ಓದಿದವರು ಮೆಚ್ಚಿದರು. ನಾನೂ ಮೆಚ್ಚಿದೆ, ಆಗಲೇ ಎಚ್ಚರವಾಗಬೇಕಿತ್ತು.

ಧರ್ಮಶಾಲೆಯನ್ನು ನೋಡಿಕೊಳ್ಳುವವರು ಅಪ್ಪಾಸಾಬ, ಅರವತ್ತು ದಾಟಿದ ರೈತ. ಹೆಸರು ಹೇಳಿದೊಡನೆ ಕೈಹಿಡಿದು ಕಚೇರಿಯೊಳಗೆ ಕರೆದೊಯ್ದರು. ಅಲ್ಲಿ, ತೀರ್ಥಕ್ಷೇತ್ರಗಳ ಚಿತ್ರಗಳ ನಡುವೆ, ಪ್ಲಾಸ್ಟಿಕ್ ಹೊದಿಸಿದ ನನ್ನ ಬರಹ. ಬರೆಯುವವನಿಗೆ ಇಂಥ ಗಳಿಗೆಯಲ್ಲಿ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ. ವಿನಯದ ಮುಖವೊಂದನ್ನು ಹುಡುಕುತ್ತಿರುವಾಗ ಕಂಡಿತು: ಕುಂಕುಮದ ವಾಕ್ಯದ ಕೆಳಗೆ ಯಾರೋ ಅಳತೆಪಟ್ಟಿ ಇಟ್ಟು ನೀಲಿ ಗೀಟು ಎಳೆದಿದ್ದರು.

“ಇದ ನಮಗ ಆಧಾರ ನೋಡ್ರಿ” ಎಂದರು ಅಪ್ಪಾಸಾಬ.

ಪಡಸಾಲೆಗೆ ಬಂದೆವು. ಹಳೆಯ ಅಟ್ಟದ ತೊಲೆಗಳು ಹಿಂದಿನ ಮಳೆಗಾಲಗಳಲ್ಲಿ ಕೊಳೆತು, ಅದನ್ನು ಇಳಿಸಿದ್ದರು. ಹೊಳೆ ಏರಿದಾಗ ಕೆಳಗಿನ ಓಣಿಯ ಮುದುಕರು, ಬಾಣಂತಿಯರು, ದೂರ ಹೋಗಲಾರದವರು ಹತ್ತಿ ಕೂರುವುದು ಆ ಅಟ್ಟದ ಮೇಲೆಯೇ. ಮರುದಿನ ಹೊಸ ತೊಲೆ ಕೂರಿಸುವವರಿದ್ದರು. ಯಾವ ಎತ್ತರಕ್ಕೆ? ಹಳೆಯದು ಅಂದಾಜಿಗೆ ಕಟ್ಟಿದ್ದು, ಹೊಸದು ಹಳೆಯ ಗೆರೆಗಿಂತ ಎರಡು ಗೇಣು ಮೇಲಿರಬೇಕು. ಹಳೆಯ ಗೆರೆ ಎಲ್ಲಿ? ಅದೇ ಇರಲಿಲ್ಲ.

ಅದು ಹೋದದ್ದು ಭಕ್ತಿಯಿಂದ. ಚಾತುರ್ಮಾಸಕ್ಕೆ ಮುನಿಗಳು ಬರುತ್ತಾರೆಂದು ಊರೆಲ್ಲ ಸೇರಿ ಪಡಸಾಲೆಗೆ ಸುಣ್ಣ ಬಳಿದರು. ಬಳಿಯುವವರಿಗೆಲ್ಲ ಗೆರೆಯ ಬೆಲೆ ಗೊತ್ತಿತ್ತು. ಮುನಿಗಳು ಹೋದಮೇಲೆ ಸುಣ್ಣ ಕೆರೆದರಾಯಿತು ಎಂದುಕೊಂಡರು. ಮುನಿಗಳು ಹೋದರು, ಗೋಡೆ ತೇವ ಹಿಡಿಯಿತು, ಯಾರೋ ಪುಣ್ಯವಂತರು ಹಳೆಯ ಗಾರೆಯನ್ನೇ ಕೆತ್ತಿಸಿ ಸಿಮೆಂಟು ಹಾಕಿಸಿದರು. ನೆಲಕ್ಕೂ ಶಹಾಬಾದಿ ಕಲ್ಲು ಬಂದು ಅದು ಒಂದಿಷ್ಟು ಮೇಲೆದ್ದಿತು. ಇತ್ತೀಚಿನ ಪೂರದ, ಅಂದರೆ ನೆರೆಯ, ಗೆರೆ ನೀಲಿ ಪೇಂಟಿನಲ್ಲಿ ಹೊರಗೋಡೆಯ ಮೇಲೆ ಸೊಂಟಮಟ್ಟಕ್ಕಿದೆ. ಆದರೆ ಹಳೆಯ ದೊಡ್ಡ ಪೂರ ಅದಕ್ಕಿಂತ ಮೇಲಿತ್ತೆಂದು ಎಲ್ಲರಿಗೂ ಗೊತ್ತು; ಎಷ್ಟು ಮೇಲೆಂದು ಯಾರಿಗೂ ಗೊತ್ತಿಲ್ಲ.

“ಗೆರಿ ನಾವೂ ದಿನಾ ನೋಡೀವಿ, ಅಳದಿಟ್ಟಿಲ್ಲ. ಆ ಪೂರಾ ಕಂಡವರು ಊರಾಗ ಮೂರ ಮಂದಿ ಉಳದಾರ್ರಿ” ಎಂದರು ಅಪ್ಪಾಸಾಬ. “ಒಬ್ಬಂವ ಎದಿಮಟ ಅಂತಾನ, ಒಬ್ಬಾಕಿ ಕಿವಿಮಟ ಅಂತಾಳ, ಇನ್ನೊಬ್ಬಂವ ಕೇಳಿದ್ರ ಬರೇ ಅಳತಾನ. ಬರದಿಟ್ಟದ್ದು ನಿಮ್ಮದೊಂದ.”

ಗೋಡೆಯ ಮೇಲೆ ಸೀಮೆಸುಣ್ಣದ ದಾರ ಬಡಿದ ಗುರುತು ಆಗಲೇ ಇತ್ತು. ಅದು ಅಪ್ಪಾಸಾಬರ ಹೆಂಡತಿ ಚಂಪವ್ವನ ಹಣೆಯ ಮಟ್ಟ. ಅವರನ್ನು ಗೋಡೆಗೆ ನಿಲ್ಲಿಸಿ ಅಳತೆ ತೆಗೆದಿದ್ದರು. ನಮ್ಮ ಅವ್ವನ ಎತ್ತರ ಇವರಿಗೆ ಹೇಗೆ ತಿಳಿಯಿತು ಎಂದೆ. ಉತ್ತರ ಕೊಟ್ಟವನು ಮೂಲೆಯಲ್ಲಿ ಕೂತು ಕಬ್ಬಿಣ ಬಾಗಿಸುತ್ತಿದ್ದ, ಗಾರೆಕೆಲಸದ ದಸ್ತಗೀರ ಗೌಂಡಿ. “ಅವ್ವಗೋಳು ಎಲ್ಲಾರೂ ಸುಮಾರ ಇಷ್ಟ ಇರ್ತಾರಲ್ರಿ, ಸಾಹೇಬ್ರ.”

ನಗಬೇಕಿತ್ತು. ನಗು ಬರಲಿಲ್ಲ. ಒಂದು ವಾಕ್ಯ ಚೆಂದ ಕಾಣಲೆಂದು ನಾನು ಕೆಂಪಿನ ಪಕ್ಕ ಕೆಂಪನ್ನು ಇಟ್ಟಿದ್ದೆನೋ, ಅಥವಾ ನಿಜಕ್ಕೂ ಕಂಡಿದ್ದೆನೋ? ಹೀಗೆ ಹೊಂದಿ ಬರುವ ನೆನಪುಗಳನ್ನು ನಂಬಬಾರದು ಎಂದು ನಾನೇ ಎಷ್ಟೋ ಕಡೆ ಭಾಷಣ ಮಾಡಿದ್ದೇನೆ. ಆ ಭಾಷಣಗಳನ್ನು ಯಾರೂ ಪ್ಲಾಸ್ಟಿಕ್ ಹೊದಿಸಿ ಇಟ್ಟಿಲ್ಲ.

“ಅಪ್ಪಾಸಾಬ, ಅದನ್ನು ಅಷ್ಟು ನಂಬಬೇಡಿ. ಅದು ಕತೆಯ ಹಾಗೆ ಬರೆದದ್ದು.”

“ಕತಿ ಹೆಂಗಾಕ್ಕೈತ್ರಿ? ಮ್ಯಾಲ ‘ನೆನಪು’ ಅಂತ ದಪ್ಪ ಅಕ್ಷರದಾಗ ಹಾಕ್ಯಾರ.”

ಬೇರೆ ದಾರಿ ಕಾಣದೆ, ನಿಪ್ಪಾಣಿಯಲ್ಲಿರುವ ಅಕ್ಕನಿಗೆ ಫೋನು ಮಾಡಿ, ಎಲ್ಲರಿಗೂ ಕೇಳುವಂತೆ ಇಟ್ಟೆ. ಅವ್ವ ಈಗಿಲ್ಲ, ಆ ಸಂಜೆಗೆ ಉಳಿದ ಸಾಕ್ಷಿ ನಾವಿಬ್ಬರೇ. ಅವ್ವ ಗೋಡೆಯ ಹತ್ತಿರ ನಿಂತದ್ದು ನೆನಪಿದೆಯೇ ಎಂದು ಕೇಳಿದೆ.

“ಅವ್ವ ಎಲ್ಲಿ ನಿಂತಿದ್ಲೋ? ಆಕಿ ತಲಿನೋವು ಅಂತ ಒಳಗ ಮಲಗಿದ್ಲು. ಗೋಡಿಗೆ ನಿಂತಾಕಿ ನಾನು.”

“ಕುಂಕುಮ?”

“ಏ ತಮ್ಮಾ, ಅದು ಮಂಗಸೂಳಿಯಿಂದ ಬರೂವಾಗ. ಮೂರೂ ಮಂದಿ ಭಂಡಾರ ಬಳಕೊಂಡು ಅರಿಷಿಣದ ಗೊಂಬಿ ಆಗಿದ್ವಿ. ಹಣಿಮ್ಯಾಲೆಲ್ಲಾ ಹಳದಿ. ನಿನಗೊಬ್ಬಗ ಕುಂಕುಮ ಎಲ್ಲಿಂದ ಕಂಡ್ತು?”

ಮಲ್ಲಯ್ಯನ ಗುಡಿಯಿಂದ ಬಂದವರ ಹಣೆಯಲ್ಲಿ ಭಂಡಾರವೆಂಬ ಅರಿಷಿಣದ ಪುಡಿಯ ಹೊರತು ಬೇರೇನೂ ಕಾಣುವುದಿಲ್ಲ. ಇದು ಈ ಭಾಗದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ದಸ್ತಗೀರ ಕೂಡ ತಲೆಯಾಡಿಸಿದ. ಹೋಗುವಾಗ ಎಂದಾದರೆ ನನ್ನ ವಾಕ್ಯ ಬದುಕುತ್ತದೆ, ಬರುವಾಗ ಎಂದಾದರೆ ಸಾಯುತ್ತದೆ.

“ಮತ್ತ ಪೇಪರಿನ್ಯಾಗ ಬಂದಾಗ ಯಾಕ ಹೇಳಲಿಲ್ಲ?” ಎಂದೆ. ಸಿಟ್ಟು ಬಂದಾಗ ನನ್ನ ಭಾಷೆಯೂ ಊರಿಗೆ ಮರಳುತ್ತದೆ.

“ಚಂದ ಬರದಿದ್ದಿ. ನನ್ನ ಜಾಗಾದಾಗ ಅವ್ವ ನಿಂತಿದ್ಲು. ನಿಲ್ಲಲಿ ಅಂತ ಬಿಟ್ಟೆ.”

ಆಗ ಅವಳು ಎಷ್ಟೆತ್ತರ ಇದ್ದಳು ಎಂದು ಅಪ್ಪಾಸಾಬ ಬಾಗಿ ಫೋನಿಗೇ ಕೇಳಿದರು. ಏಳನೇ ಇಯತ್ತೆಯಲ್ಲೋ ಎಂಟರಲ್ಲೋ ಓದುತ್ತಿದ್ದೆ, ಅವ್ವನ ಹೆಗಲಿಗೆ ಬರುತ್ತಿದ್ದೆನೇನೋ ಎಂದಳು. ಹಾಗಿದ್ದರೆ ಗೆರೆ ಒಂದು ಮೊಳದಷ್ಟು ಕೆಳಗಿಳಿಯುತ್ತದೆ, ಅಟ್ಟವೂ ಇಳಿಯುತ್ತದೆ, ಅದಕ್ಕೆ ಹತ್ತುವ ಪಾವಟಿಗೆಗಳೂ ಕಡಿಮೆಯಾಗುತ್ತವೆ. ಅದು ಸಣ್ಣ ಮಾತಲ್ಲ ಎಂದು ಆಗ ತಿಳಿಯಿತು. ಚಂಪವ್ವನಿಗೆ ಮೊಣಕಾಲುನೋವು. ಹಿಂದಿನ ಪೂರದಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಎತ್ತಿಕೊಂಡು ಏಣಿ ಹತ್ತಿಸಿದ್ದರು. ಕೆಳಗೆ ನೀರು, ಮೇಲೆ ಕತ್ತಲು, ಕುರ್ಚಿ ಒಮ್ಮೆ ವಾಲಿತ್ತಂತೆ. ಅವರ ಹಾಗೆ ಏರಲಾರದವರು ಆ ಓಣಿಯಲ್ಲಿ ಇನ್ನೂ ಹಲವರಿದ್ದಾರೆ. ಎತ್ತರವಾದರೆ ಅವರು ಹತ್ತಲಾರರು, ತಗ್ಗಾದರೆ ನೀರು ಹತ್ತುತ್ತದೆ.

ಅಕ್ಕನ ಮಾತನ್ನು ಒಪ್ಪಿಬಿಡಲು ನನಗೆ ಆಸೆಯಾಯಿತು. ಆದರೆ ಅಕ್ಕನ ನೆನಪುಗಳಲ್ಲಿ ಎಲ್ಲ ಕಡೆಯೂ ಅಕ್ಕನೇ ನಿಂತಿರುತ್ತಾಳೆ, ನನ್ನವುಗಳಲ್ಲಿ ಅವ್ವ. ಇಬ್ಬರಲ್ಲಿ ಯಾರೂ ಗೆರೆಯ ಮಟ್ಟವನ್ನು ನೋಡಿರಲಿಲ್ಲ, ಅದರ ಮುಂದೆ ನಿಂತವರನ್ನು ನೋಡಿದ್ದೆವು.

ಅಪ್ಪಾಸಾಬ ನನ್ನ ಮುಖ ನೋಡಿದರು. “ಖರೇ ಹೇಳ್ರಿ. ಎಲ್ಲಿತ್ತು?”

“ನನಗೆ ಗೊತ್ತಿಲ್ಲ. ಕೆಂಪು ಗೆರೆ ಇತ್ತು, ಅದನ್ನು ನೋಡಲು ನಾನು ತಲೆ ಎತ್ತಿದ್ದೆ. ಅಷ್ಟೇ ಖಾತ್ರಿ. ಉಳಿದದ್ದು ನಾನು ಕಟ್ಟಿಕೊಂಡದ್ದಿರಬಹುದು.”

ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ಹೊತ್ತು ಇಳಿಯುತ್ತಿತ್ತು, ಮುಳುಗುವ ಮೊದಲು ಉಣ್ಣಬೇಕೆಂದು ಚಂಪವ್ವ ತಾಟುಗಳನ್ನು ಆಗಲೇ ಹಾಕಿ, ಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ದಸ್ತಗೀರಣ್ಣಾ, ನನ್ನ ಹಣಿ ಎಲ್ಲೈತಿ ಅಲ್ಲೇ ಇರಲಿ. ಅದರ ಮ್ಯಾಲ ಇನ್ನೊಂದ ಮೊಳ ಹಾಕಿ, ಆ ಎರಡು ಗೇಣು ಅಲ್ಲಿಂದ ಎಣಸು.”

“ಪಾವಟಿಗಿ ಎರಡು ಹೆಚ್ಚ ಆಗತಾವಲ್ಲ” ಎಂದರು ಅಪ್ಪಾಸಾಬ. “ನಿನಗ ಆಗೂದಿಲ್ಲ.”

“ನನ್ನ ಮೊಣಕಾಲಿನ ನೋವು ನನಗ ಗೊತ್ತೈತಿ. ಹೊಳಿ ಎಷ್ಟ ಬರತೈತಿ ಅನ್ನೂದು ಇವರ್ಗೂ ಗೊತ್ತಿಲ್ಲ, ಇವರ ಅಕ್ಕಗೂ ಗೊತ್ತಿಲ್ಲ. ಗೊತ್ತಿದ್ದದ್ದನ್ನ ನಾ ತಡಕೋತೀನಿ. ಪಾವಟಿಗಿ ಸಣ್ಣಸಣ್ಣು ಮಾಡು, ಕೈಗೆ ಹಿಡಿಯಾಕ ಒಂದು ಕಂಬಿ ಹಾಕು. ಈಗ ಏಳ್ರಿ, ಉಣ್ಣಾಕ.”

ದಸ್ತಗೀರ ಗೋಡೆಗೆ ತನ್ನ ಮುಂಗೈಯನ್ನು ಒತ್ತಿ, ಮೊಣಕೈಯಿಂದ ನಡುಬೆರಳ ತುದಿಯವರೆಗೆ ಅಳೆದು, ಹೊಸ ಗುರುತು ಹಾಕಿದ. ಬಲಗೈ ಹೆಬ್ಬೆರಳಿನಿಂದ ಹಳೆಯ ಗುರುತನ್ನು ಒರೆಸಲು ಹೋದವನನ್ನು ಚಂಪವ್ವ ತಡೆದರು. ಅದೂ ಇರಲಿ ಎಂದರು.

ಬೆಳಿಗ್ಗೆ ಮಲಗಿದ ಜಾಗವನ್ನು ಗುಡಿಸಿ, ಕಚೇರಿಗೆ ಹೋಗಿ, ಆ ಬರಹವನ್ನು ದಯವಿಟ್ಟು ತೆಗೆದುಬಿಡಿ ಎಂದು ಕೇಳಿದೆ. ಅಪ್ಪಾಸಾಬ ಒಪ್ಪಲಿಲ್ಲ. ಇದ್ದದ್ದನ್ನು ಅಳಿಸಿ ಈಗಾಗಲೇ ಒಮ್ಮೆ ಕೆಟ್ಟಿದ್ದೇವೆ ಎಂದರು. ಬದಲಿಗೆ ಒಂದು ಚೀಟಿಯ ಮೇಲೆ ‘ಇದು ಖಾತ್ರಿ ಇಲ್ಲ’ ಎಂದು ದುಂಡಗೆ ಬರೆದು, ನನ್ನಿಂದ ಸಹಿ ಹಾಕಿಸಿ, ಬರಹದ ಕೆಳಗೆ ಅಂಟಿಸಿದರು. ನಾನು ಸಹಿ ಹಾಕಿದ ಮಾತುಗಳಲ್ಲೆಲ್ಲ ಅಷ್ಟು ಚಿಕ್ಕದು ಮತ್ತೊಂದಿಲ್ಲ.

ಹೊರಡುವ ಮೊದಲು ಆ ಗೋಡೆಯನ್ನು ಮತ್ತೊಮ್ಮೆ ನೋಡಿದೆ. ಈಗ ಅದರಲ್ಲಿ ಸೀಮೆಸುಣ್ಣದ ಎರಡು ಗುರುತುಗಳಿದ್ದವು, ನಡುವೆ ದಸ್ತಗೀರನ ಒಂದು ಮೊಳ. ಮುಂದೆ ಯಾರಾದರೂ ಬಂದು ಮೇಲಿನದನ್ನೇ ಹಳೆಯ ಪೂರದ ಗೆರೆ ಎಂದು ತಿಳಿಯಬಹುದು, ಚೆಂದವಾಗಿ ಬರೆಯಲೂಬಹುದು. ಆ ಸಂಜೆ ನಾವು ಮಂಗಸೂಳಿಗೆ ಹೋಗುತ್ತಿದ್ದೆವೋ ಬರುತ್ತಿದ್ದೆವೋ, ಗೋಡೆಗೆ ಒರಗಿ ನಿಂತವರು ಯಾರು, ಹೊಳೆ ಎಲ್ಲಿಯವರೆಗೆ ಬಂದಿತ್ತು, ನನಗೆ ಗೊತ್ತಿಲ್ಲ.