ಪೇಟೆಯಲ್ಲಿ ಎದ್ದು ನಿಂತು ಪ್ರಾರ್ಥಿಸುವವಳು

ಚಿಕ್ಕಪ್ಪನ ಮಗಳನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ? ಉಪ್ಪಿನ ಗಲಾಟೆಯಲ್ಲಿ ಜೈಲಿಗೆ ಹೋದ ಅಂಕೋಲೆಯ ಜನ ತಿರುಗಿ ಮನೆಗೆ ಬಂದಿದ್ದ ಕಾಲ. ನಾವಿಬ್ಬರೂ ಚೆಂಡಿಯಾದಿಂದ ಬುಟ್ಟಿ ಹೊತ್ತು ನಡೆದು, ಕಾರವಾರದ ಪೇಟೆಯಲ್ಲಿ ಅಕ್ಕಪಕ್ಕ ಕೂತು ಹರಿವೆ ಸೊಪ್ಪು ಮಾರುತ್ತಿದ್ದೆವು.

ಮಧ್ಯಾಹ್ನ ಇಗರ್ಜಿಯ ಗಂಟೆ ಬಾರಿಸಿದರೆ ನಾವು ಕಿರಿಸ್ತಾನರು ಕೈಯ ಕೆಲಸ ಬಿಟ್ಟು ಪ್ರಾರ್ಥನೆ ಹೇಳಬೇಕು. ನಾನು ವ್ಯಾಪಾರ ನಿಲ್ಲಿಸದೆ ಮನಸ್ಸಿನಲ್ಲೇ ಹೇಳಿ ಮುಗಿಸುತ್ತಿದ್ದೆ. ಅವಳೋ! ಎದ್ದು ನಿಂತು, ಸೆರಗು ತಲೆಗೆ ಎಳೆದು, ಹಣೆಯಿಂದ ಎದೆಯವರೆಗೆ ಶಿಲುಬೆ ಹಾಕಿ ಕಣ್ಣು ಮುಚ್ಚುವಳು. ಗಿರಾಕಿ ಬೊಬ್ಬೆ ಹೊಡೆದರೂ ಅಲ್ಲಾಡಳು. "ತಡಿರೋ, ಅದರ ದೇವರ ಹೊತ್ತು" ಎಂದು ಮೀನಿನ ಹೆಂಗಸರೇ ಅವರನ್ನು ಸುಮ್ಮನಿರಿಸುತ್ತಿದ್ದರು. ಗಿರಾಕಿಗಳು ಕಾಯುತ್ತಲೂ ಇದ್ದರು! ಖಾಲಿ ಕೂತ ನನ್ನ ಕಡೆ ಒಬ್ಬರೂ ತಿರುಗುತ್ತಿರಲಿಲ್ಲ.

ಆ ವರ್ಷ ನನಗೊಂದು ಸಂಬಂಧ ಬಂತು. ಹುಡುಗ ಅಂಕೋಲೆಯವನು, ನಮ್ಮೂರಿನ ಮೇಲೆ ಕಾರವಾರಕ್ಕೆ ಬರುವ ಮೋಟಾರಿನ ಡ್ರೈವರ್. ಹಾರ್ನ್ ಕೇಳಿದರೆ ಸಾಕು, ನಾನು ಬೇಲಿಯ ಹತ್ತಿರ. ಎರಡು ಸಲ ಅವನೂ ನಕ್ಕಿದ್ದ. ಅವನೇ ಗಂಡನಾಗಲಿ ಎಂದು ಮರಿಯಮ್ಮನವರಿಗೆ ಮೇಣದ ಬತ್ತಿ ಹರಸಿಕೊಂಡಿದ್ದೆ. ಹುಡುಗನ ತಾಯಿ ನನ್ನನ್ನು ನೋಡಲು ಪೇಟೆಗೇ ಬರುತ್ತಾಳೆಂದು ಅವ್ವ ಹೇಳಿದಳು.

ಬಂದಳು. ಮನೆಯಲ್ಲಿ ಯಾರ್‍ಯಾರಿದ್ದಾರೆ, ರೊಟ್ಟಿ ತಟ್ಟಲು ಬರುತ್ತದೆಯೇ ಎಂದೆಲ್ಲ ಕೇಳುತ್ತ ಸೊಪ್ಪು ಆರಿಸತೊಡಗಿದಳು. ಅಷ್ಟರಲ್ಲಿ ಗಂಟೆ. ಅತ್ತೆಯಾಗುವವಳನ್ನು ಬಿಸಿಲಲ್ಲಿ ಕಾಯಿಸುವುದುಂಟೇ? ಅವಸರವಸರವಾಗಿ ಕಟ್ಟು ಕಟ್ಟಿ, "ತಕಳಿ ಬಾಯೋರೆ, ನಿಮಗೆ ಅಂತ ಎಳೇದೇ ಹಾಕಿದೆ" ಎಂದು ಕೈ ಚಾಚಿದೆ. ತಲೆ ಎತ್ತಿದರೆ ಆಕೆ ಚೀಲ ನೆಲಕ್ಕಿಟ್ಟು, ಕಣ್ಣು ಮುಚ್ಚಿ ನಿಂತಿದ್ದಳು. ಪಕ್ಕದಲ್ಲಿ ಚಿಕ್ಕಪ್ಪನ ಮಗಳು, ನನ್ನ ಆ ತಂಗಿಯೂ ಹಾಗೆಯೇ. ಇಬ್ಬರೂ ಒಟ್ಟಿಗೆ "ಆಮೆನ್" ಅಂದರು. ನಡುವೆ ಸೊಪ್ಪು ಹಿಡಿದುಕೊಂಡ ನಾನು, ಹಾಳಾದವಳು!

ಆಕೆ ಸೊಪ್ಪನ್ನು ಚೀಲಕ್ಕೆ ಹಾಕಿಕೊಂಡು, "ಆ ಹುಡುಗಿ ಯಾರ ಮನೇದು?" ಎಂದು ನನ್ನನ್ನೇ ಕೇಳಿದಳು.

"ನಾನೂ ಮನಸ್ಸಲ್ಲಿ ಹೇಳಿದ್ನಲ್ಲೇ ಅವ್ವಾ!" ಎಂದು ಮನೆಗೆ ಬಂದು ಗೋಳಾಡಿದೆ.

"ನಿನ್ನ ಮನಸ್ಸು ಆ ಮುದುಕಿ ಕಣ್ಣಿಗೆ ಹ್ಯಾಂಗೆ ಕಾಣ್ಬೇಕೆ?" ಎಂದಳು ಅವ್ವ.

ಈಸ್ಟರ್ ಕಳೆದ ಮೇಲೆ ಅವನಿಗೂ ಅವಳಿಗೂ ಮದುವೆಯಾಯಿತು. ಅವಳ ತಲೆಗೆ ಹೂ ಮುಡಿಸಿದವಳು ನಾನೇ. ಪಿನ್ನು ಚುಚ್ಚಿಬಿಡುವಷ್ಟು ಸಿಟ್ಟಿತ್ತು, ಚುಚ್ಚಲಿಲ್ಲ.

ಮುಂದಿನ ವಾರ ಪೇಟೆಯಲ್ಲಿ ಒಬ್ಬಳೇ ಕೂತಿದ್ದೆ. ಗಂಟೆ ಬಾರಿಸಿತು. ಹಟದಿಂದ ಎದ್ದು, ಅವಳದಕ್ಕಿಂತ ದೊಡ್ಡ ಶಿಲುಬೆ ಹಾಕಿ, ಪ್ರಾರ್ಥನೆಯನ್ನು ಪೂರ್ತಿ ಗಟ್ಟಿಯಾಗಿಯೇ ಹೇಳಿದೆ. ಸುತ್ತಲಿನವರೆಲ್ಲ ಮಾತು ನಿಲ್ಲಿಸಿದರು. ಕಣ್ಣು ಬಿಟ್ಟಾಗ ಎದುರಿನ ಮೀನಿನ ಹೆಂಗಸು ಬಾಯಿತುಂಬ ನಗುತ್ತಿದ್ದಳು.

"ಅಡ್ಡಿಲ್ಲ ಮಾರಾಯ್ತಿ," ಎಂದಳು, "ತಂಗಿ ನಿಂಗೆ ಚಲೋ ಕಲ್ಸೇ ಹೋಗಿದೆ."